ನನ್ನ ಎಣಿಕಿ ನಿನ್ನ ಬಾಯಾಗ

ಲಕ್ಷ್ಮೇಶ್ವರ,
೧೦ ಅಕ್ಟೋಬರ್ ೧೯೪೮

ಅಸುಂಡಿ ಗರಡಿಮನಿಯ ಕೆಮ್ಮಣ್ಣಿನ ಸುತ್ತ ಕೂಡಿರುವ ಊರಮಂದಿ ಎಂಬ ಸಮಸ್ತ ದೈವಕ್ಕೂ, ಹಣಮಪ್ಪನ ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಂತ ನಮ್ಮ ಗುರು ವಸ್ತಾದ ಸಕ್ರಪ್ಪನವರಿಗೂ, ಲಂಗೋಟಿ ಬಿಗಿದವರಿಗೂ, ಬಿಗಿಯುವುದೋ ಬ್ಯಾಡೋ ಎಂದು ಬಾಗಿಲ ಹೊರಗೆ ನಿಂತು ಇಣುಕುವವರಿಗೂ, ಈ ಕಾಗದವನ್ನು ಕೈಯಲ್ಲಿ ಹಿಡಿದು ಓದುತ್ತಿರುವ ಮಕ್ತುಮಸಾಬನಿಗೂ ಅಂದಾನಪ್ಪ ಮಾಡುವ ಶರಣು. ಕೇಳ್ರಿ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸ್ರಿ. ಮಕ್ತುಮ, ಧ್ವನಿ ಇನ್ನೊಂದು ಮೆಟ್ಟಿಲು ಏರಿಸಿ ಓದು, ಹಿಂದೆ ನಿಂತವರಿಗೆ ಕೇಳಂಗಿಲ್ಲ.

ಕಾಗದ ಬರೆದದ್ದು ನನ್ನ ಜೋಡಿ ಉಡಚಪ್ಪನಿಗೆ. ಆದರೆ ನಮ್ಮೂರಾಗ ಕಾಗದ ಅಂದ್ರ ಒಬ್ಬರದಲ್ಲ. ಟಪಾಲಿನವ ಗರಡಿ ಕಟ್ಟಿಯ ಮ್ಯಾಲೆ ಇಟ್ಟು ಹೋಗ್ತಾನ, ಮಕ್ತುಮಸಾಬ ಓದ್ತಾನ, ಊರು ಕೇಳ್ತೈತಿ. ಅಂದಮೇಲೆ ಊರಿಗೇ ಬರೆಯುವುದು ವಾಜಿಬಿ.

ನಮ್ಮ ಕಪ್ಪತಮಲ್ಲೇಶ್ವರ ಕೃಪಾಪೋಷಿತ ನಾಟಕ ಮಂಡಳಿ ಲಕ್ಷ್ಮೇಶ್ವರದಾಗ ತಳ ಊರಿ ಇಪ್ಪತ್ತು ದಿನ ಆತು. ನಾಟಕದಾಗ ಪೈಲವಾನ ಮಲ್ಲರಾಯನ ಪಾರ್ಟು ನನ್ನದು. ನಿನ್ನೆ ಮುಂಜಾನೆ ಮುಂಡರಗಿಯಿಂದ ಬಂದ ಬಸ್ಸಿನ ಡ್ರೈವರ ಒಂದು ಮಾತು ಇಳಿಸಿ ಹೋದ: "ನಿಮ್ಮೂರ ಉಡಚಪ್ಪ ಗಡಿ ಶಿಬಿರದಾಗ ಬಲಗೈ ಕೆಡಿಸಿಕೊಂಡು ಮನಿಗೆ ಬಂದಾನಂತ." ಹೆಂಗ ಅಂತ ಕೇಳುವುದರೊಳಗ ಬಸ್ಸು ಹೊಂಟಿತು. ಕೇಳುವ ಜರೂರಿ ಏನಿತ್ತು? ನನ್ನ ಕಣ್ಣ ಮುಂದೆ ಪರದೆ ತಾನೇ ಎದ್ದಿತು.

ನೋಡ್ರಿ. ಈ ಕಡೆ ಮುಂಡರಗಿಯ ಶಿಬಿರ. ಆ ಕಡೆ ನಿಜಾಮನ ಸೀಮಿ. ನಡುವೆ ಜ್ವಾಳದ ಹೊಲ. ಮನಿ ಮಠ ಬಿಟ್ಟು, ಗಂಟು ಹೊತ್ತು ಓಡಿ ಬರುವ ಹೆಂಗಸರು, ಮುದುಕರು. ಅವರ ಹಿಂದೆ ಬಂದೂಕಿನ ಬಾಯಿ. ಆಗ ಕಪ್ಪತಗುಡ್ಡದ ಕಲ್ಲುಕಲ್ಲಿಗೂ ಕೇಳುವ ಹಾಗೆ ಒಂದು ಗುಂಡು ಹಾರಿತು. ಹೆಣ್ಣೊಬ್ಬಳ ಎದೆಗೆ ನಡಬೇಕಾಗಿದ್ದ ಆ ಗುಂಡನ್ನು ನನ್ನ ಉಡಚಪ್ಪ ಬಲಗೈ ಚಾಚಿ, ಬಂದ ಬೀಗರ ಕೈಯಿಂದ ಎಲಿ-ಅಡಿಕಿ ಇಸಕೊಂಡಂಗ ಅಂಗೈಯಾಗ ಇಸಕೊಂಡ.

ಹೊಸಬರಿಗೆ ಒಂದು ಮಾತು ಹೇಳ್ತೀನಿ. ನಮ್ಮ ಗರಡಿಯಾಗ ದಂಡ ಹೊಡೆಯುವುದು, ಅಂದ್ರ ಅಂಗೈ ಊರಿ ನೆಲಕ್ಕಿಳಿದು ಏಳುವುದು, ಜೋಡಿ ಕಟ್ಟಿ. ಒಂದು ಹಾಸುಗಲ್ಲಿನ ಆ ತುದಿ ಒಬ್ಬ, ಈ ತುದಿ ಒಬ್ಬ, ತಲೆಗೆ ತಲೆ ಎದುರು. ಒಬ್ಬ ನೆಲಕ್ಕಿಳಿದಾಗ ಇನ್ನೊಬ್ಬ ಮ್ಯಾಲೆ. ತನ್ನ ದಂಡ ತಾನು ಎಣಿಸುವಂತಿಲ್ಲ. ನನ್ನ ಎಣಿಕಿ ನಿನ್ನ ಬಾಯಾಗ, ನಿನ್ನ ಎಣಿಕಿ ನನ್ನ ಬಾಯಾಗ. ತಾನೇ ಎಣಿಸಿಕೊಂಡ ದಂಡ ಲೆಕ್ಕಕ್ಕಿಲ್ಲ, ಅದು ಬರೇ ಬೆವರು. ಬಾಗಿಲಿನಿಂದ ಎರಡನೇ ಕಲ್ಲು ನಮ್ಮದು. ಹನ್ನೆರಡು ವರ್ಷ ನಮ್ಮ ನಾಲ್ಕು ಅಂಗೈ ತಿಂದು ಆ ಕಲ್ಲು ನಾಲ್ಕು ಕಡೆ ತಗ್ಗು ಬಿದ್ದೈತಿ. ಹೋಗಿ ಮುಟ್ಟಿ ನೋಡ್ರಿ.

ಆ ಕಲ್ಲಿನಾಣೆ ಹೇಳ್ತೀನಿ: ಇವತ್ತಿನಿಂದ ಅಂದಾನಪ್ಪ ದಿನಾ ಮುಂಜಾನಿ ಇನ್ನೂರು ದಂಡ ಹೊಡೀತಾನ. ನೂರು ತನ್ನವು. ನೂರು ಉಡಚಪ್ಪನವು.

ಇಂತಿ, ದೈವದ ಕಾಲಿನ ಧೂಳಿಯಾದ,
ಅಂದಾನಪ್ಪ


ಅಸುಂಡಿ,
೨ ನವೆಂಬರ್ ೧೯೪೮

ಅಂದಾನಗ,

ಎಡಗೈಲೆ ಬರದೀನಿ. ಅಕ್ಷರ ಸೊಟ್ಟ ಅದಾವ, ಹೊಂದಿಸಿಕೊಂಡು ಓದು.

ಕೈ ಹೋಗಿಲ್ಲ. ಮಣಿಕಟ್ಟು ಮಣಿಯಂಗಿಲ್ಲ, ಅಷ್ಟ. ರೊಟ್ಟಿ ಮುರೀತೀನಿ, ಎತ್ತಿನ ಹಗ್ಗ ಹಿಡೀತೀನಿ. ಅಂಗೈ ನೆಲಕ್ಕ ಊರಾಕ ಬರಂಗಿಲ್ಲ.

ಮಕ್ತುಮಸಾಬ ನಿನ್ನ ಕಾಗದ ಎರಡು ಸರ್ತಿ ಓದಿದ. ಎರಡನೇ ಸರ್ತಿ ಮಂದಿ ಇನ್ನೂ ಜಾಸ್ತಿ ಅತ್ತರು. ವಸ್ತಾದರು ಎದ್ದು ಬಂದು ನನ್ನ ತಲಿ ಮ್ಯಾಲ ಕೈ ಇಟ್ಟರು. ನಾ ಮೂಲ್ಯಾಗ ಕುಂತಿದ್ದೆ. ಅಲ್ಲೇ ಕುಂತೆ.

ಇನ್ನ ಮ್ಯಾಲ ಗರಡಿಗೆ ಬರೀಬ್ಯಾಡ. ಮನಿಗೆ ಬರಿ. ವಿಳಾಸದಾಗ ಮಂಜವ್ವನ ಮನಿ ಅಂತ ಹಾಕು, ಅವ್ವ ಇಸಕೊಂತಾಳ.

ಒಂದು ಕೇಳ್ತೀನಿ. ದಿನಾ ಇನ್ನೂರು ಅಂದಿ. ಅಲ್ಲಿ ನಿನಗ ಯಾರು ಎಣಿಸ್ತಾರ?

ಉಡಚಪ್ಪ


ಶಿರಹಟ್ಟಿ,
೨೫ ನವೆಂಬರ್ ೧೯೪೮

ಪ್ರಾಣಮಿತ್ರ ಉಡಚಪ್ಪನಿಗೆ ಅಂದಾನಪ್ಪನ ಶರಣು.

ಎಡಗೈ ಅಕ್ಷರ ನೋಡಿ ಕಣ್ಣು ತುಂಬಿತು. ಆ ಕಾಗದ ನನ್ನ ಮಲ್ಲರಾಯನ ಕಿರೀಟದ ಒಳಗ ಮಡಚಿ ಇಟ್ಟೀನಿ.

ಯಾರು ಎಣಿಸ್ತಾರ ಅಂತ ಕೇಳಿದಿ. ಯಮನೂರಸಾಬ ಎಣಿಸ್ತಾನ. ಮಂಡಳಿಯ ಪೋಷಾಕಿನ ಪೆಟ್ಟಿಗಿ ಕಾಯುವ ಮನಷಾ. ಕನ್ನಡಕದ ಒಂದು ಕಡ್ಡಿ ಮುರಿದದ್ದಕ್ಕ ದಾರ ಕಟ್ಯಾನ. ಮುಂಜಾನಿ ಪೆಟ್ಟಿಗಿ ಮ್ಯಾಲೆ ಕುಂತು, ಬೀಡಿ ಹಚ್ಚಿ, ನಾ ಇಳಿದಾಗೊಮ್ಮೆ ಒಂದು ಅಂತಾನ, ಎರಡು ಅಂತಾನ. ನಿನ್ನಂಗ ಗಟ್ಟಿ ದನಿ ಇಲ್ಲ, ಆದ್ರ ತಪ್ಪಂಗಿಲ್ಲ. ನಿನಗ ಸಮಾಧಾನ ಆತಲ್ಲ?

ಈಗ ಖಬರ ಕೇಳು. ನಾ ಗರಡಿಗೆ ಬರದ ಕಾಗದದ ಮಾತು ಒಂದಿನ ಮುಂಜಾನಿ ನಮ್ಮ ಮಾಲಕ ವಿರೂಪಾಕ್ಷಪ್ಪನವರ ಮುಂದೆ ಆಡಿ ತೋರಿಸಿದೆ. ಅವರು ಚಹಾದ ಬಶಿ ಕೆಳಗಿಟ್ಟು, "ಇದನ್ನ ನಾಟಕಕ್ಕ ಮೊದಲು ಪರದೆ ಮುಂದೆ ನಿಂತು ಹೇಳೋ ಅಂದಾನಿ" ಅಂದ್ರು. ಹೇಳಿದೆ. ಉಡಚ, ಶಿರಹಟ್ಟಿಯಂಥ ಶಿರಹಟ್ಟಿ ಎದ್ದು ನಿಂತಿತು. ನಿನ್ನೆ ಮೊನ್ನಿವರೆಗೆ ಸಂಸ್ಥಾನದ ಪ್ರಜೆ ಆಗಿದ್ದ ಮಂದಿ, ಸ್ವಾತಂತ್ರ್ಯ ಅಂದ್ರ ಏನಂತ ಈಗೀಗ ರುಚಿ ನೋಡಾಕ ಹತ್ಯಾರ. ನಾ ಬಲಗೈ ಮ್ಯಾಲೆ ಎತ್ತಿ "ಈ ಅಂಗೈಯಾಗ" ಅಂದಕೂಡಲೇ ಮುಂದಿನ ಸಾಲಿನವರು ತಮ್ಮ ಅಂಗೈ ತಾವೇ ನೋಡಿಕೊಂಡ್ರು. ಆಮೇಲೆ ಚಪ್ಪಾಳಿ. ಮುದುಕಿಯೊಬ್ಬಳು ಮರುದಿನ ನಿನಗ ಕೊಡು ಅಂತ ತೆಂಗಿನಕಾಯಿ ತಂದುಕೊಟ್ಟಳು. ಟಪಾಲಿನಾಗ ಕಾಯಿ ಹೋಗಂಗಿಲ್ಲ, ನಿನ್ನ ಹೆಸರು ಹೇಳಿ ನಾನೇ ತಿಂದೆ.

ಈಗ ಹ್ಯಾಂಡಬಿಲ್ಲಿನಾಗೂ ಹಾಕ್ಯಾರ: ಗುಂಡು ಹಿಡಿದ ಗಂಡುಗಲಿ ಅಸುಂಡಿ ಉಡಚಪ್ಪನ ಮಿತ್ರ ಅಂದಾನಪ್ಪನಿಂದ ಪ್ರಾಸ್ತಾವಿಕ. ನನ್ನ ಹೆಸರಿಗಿಂತ ನಿನ್ನ ಹೆಸರಿನ ಅಕ್ಷರ ದಪ್ಪ.

ಮಾಲಕರು ಒಂದು ಮಾತು ಹೇಳ್ಯಾರ. ಒಂದು ಸರ್ತಿ ನೀ ಬಂದು ನನ್ನ ಬಾಜೂಕ ನಿಂತು ಬರೇ ಕೈ ಎತ್ತಿದ್ರ ಸಾಕಂತ. ಮಾತು ಆಡುವುದು ಬ್ಯಾಡ. ಮಾತು ನಾ ಆಡ್ತೀನಿ.

ಜಲ್ದಿ ಬರಿ. ಕುಂತಲ್ಲಿ ಕುಂಡ್ರಾಕ ಆಗವಲ್ದು. ಅತ್ತ ಹೋಗ್ತೀನಿ, ಇತ್ತ ಬರ್ತೀನಿ. ಯಮನೂರಸಾಬ "ಏನ್ರೀ ಅಂದಾನಪ್ಪಾರ, ಕಾಲಿಗೆ ಇರುವಿ ಕಟ್ಟಿಕೊಂಡೀರೇನು" ಅಂತಾನ.

ನಿನ್ನವನೇ ಆದ,
ಅಂದಾನಪ್ಪ


ಬೆಟಗೇರಿ,
೧೪ ಜನವರಿ ೧೯೪೯

ಉಡಚ,

ನಡುವ ಎರಡು ಕಾಗದ ಹಾಕಿದೆ. ಮುಟ್ಟಿದವೋ ಇಲ್ಲೋ. ಮಂಜವ್ವನ ಮನಿ ಅಂತಲೇ ಬರದಿದ್ದೆ. ಸಿಟ್ಟಾಗೀ ಅಂದ್ರ ಸಿಟ್ಟಿನ ಕಾಗದ ಬರಿ. ಬೈಗಳ ಬೇಕಾದ್ರ ಎಡಗೈಲೇ ಬೈ. ಬಾಯಿ ಮುಚ್ಚಿಕೊಂಡು ಕುಂತವನ ಜೋಡಿ ಹೆಂಗ ಜಗಳಾಡಲಿ?

ಮಂಡಳಿ ಬೆಟಗೇರಿಗೆ ಬಂದು ಹತ್ತು ದಿನ. ಎಲ್ಲಿ ನಿಂತರೂ ಮಗ್ಗದ ಸದ್ದು ಕಾಲಿನ ಕೆಳಗ ಬರ್ತೈತಿ. ಮುಂಜಾನಿ ದಂಡಕ್ಕ ನಿಂತಾಗ ಅಂಗೈಗೂ ಬರ್ತಿರಬೇಕು ಅಂತ ಅನಿಸ್ತೈತಿ.

ಇವತ್ತು ಸಂಕ್ರಮಣ. ಇಲ್ಲಿಂದ ಅಸುಂಡಿಗೆ ಎರಡು ತಾಸಿನ ಹಾದಿ, ನನಗ ಗೊತ್ತಿಲ್ಲಂತಲ್ಲ. ಬರಬೇಕಂತ ನಿನ್ನೆ ಚಪ್ಪಲಿ ಮೆಟ್ಟಿ ಗದಗಿನ ಕೆರಿ ದಂಡಿವರೆಗೂ ಬಂದೆ. ಅಲ್ಲಿ ನೆನಪಾತು, ಮಧ್ಯಾಹ್ನ ತಾಲೀಮು ಐತಿ ಅಂತ. ತಿರುಗಿ ಹೋದೆ. ತಾಲೀಮು ಇರಲಿಲ್ಲ. ಅದು ಇವತ್ತು ಐತಿ.

ಕಾಗದ ಹಾಕು.

ಅಂದಾನಿ


ಅಸುಂಡಿ,
೨೨ ಫೆಬ್ರುವರಿ ೧೯೪೯

ಅಂದಾನಪ್ಪನಿಗೆ ವಸ್ತಾದ ಸಕ್ರಪ್ಪನವರ ಆಶೀರ್ವಾದ. ಬರೆಯುವವ ಮಕ್ತುಮಸಾಬ. ಅವರು ಹೇಳಿದಂಗ ಬರೀತೀನಿ, ನಡುವ ನನ್ನ ಮಾತು ಸೇರಿದ್ರ ನೀನ ಬ್ಯಾರೆ ಮಾಡಿ ಓದು.

ಉಡಚಪ್ಪ ದೀಪಾವಳಿಯಿಂದ ಈಚೆಗೆ ಗರಡಿ ಹೊಸ್ತಿಲ ತುಳಿದಿಲ್ಲ. ಯಾಕಂತ ಕೇಳಿದ್ರ ಕೈ ನೋಯ್ತೈತಿ ಅಂತಾನ. ಕೈ ನೋಯುವವ ಸುಮ್ಮನ ಬಂದು ಕುಂಡ್ರಬೌದಲ್ಲ ಅಂತ ವಸ್ತಾದರು ಅಂತಾರ. ನನ್ನ ಮಾತು: ಅದು ಕೈಯ ನೋವಲ್ಲ.

ನಿಮ್ಮ ನಾಟಕ ಬೆಟಗೇರಿಯಾಗ ನೋಡಿದ ಮಂದಿ ಹೋದ ತಿಂಗಳು ಕಣಗಿನಹಾಳದಿಂದ ಎರಡು ಬಂಡಿ ಕಟ್ಟಿಕೊಂಡು ಬಂದಿದ್ರು, ಗುಂಡು ಹಿಡಿದ ಕೈ ನೋಡಾಕ. ಉಡಚಪ್ಪನ ಕೈ ಹಿಡಿದು ಆ ಕಡೆ ಹೊರಳಿಸಿದ್ರು, ಈ ಕಡೆ ಹೊರಳಿಸಿದ್ರು. ಒಬ್ಬಾಕಿ "ತೂತು ಎಲ್ಲೈತೋ ಯಪ್ಪಾ" ಅಂದ್ಲು. ಇನ್ನೊಬ್ಬ "ಮಾಗಿರಬೇಕು ಬಿಡವ್ವ" ಅಂದ. ಕುಂಕುಮ ಹಚ್ಚಿ ಹೋದ್ರು. ಅವತ್ತಿನಿಂದ ಯಾವುದಾರ ಬಂಡಿ ಗಂಟಿ ಕೇಳಿದ್ರ ಸಾಕು, ಉಡಚಪ್ಪ ಹಿತ್ತಲ ಬಾಗಿಲದಿಂದ ಬಣವಿ ಹಿಂದ ಹೋಗಿ ನಿಂದರತಾನ. ಇಷ್ಟು ದೊಡ್ಡ ಆಳು, ಬಣವಿ ಹಿಂದ. ಮಂಜವ್ವ ನನ್ನ ಮುಂದೆ ಅತ್ತಳು.

ಈಗ ವಸ್ತಾದರ ಮಾತು. ಗರಡಿಯ ಕಟ್ಟಳಿ ನಿನಗ ಗೊತ್ತೈತಿ. ಪಂಚಮಿಯಿಂದ ಪಂಚಮಿವರೆಗೆ ಯಾವ ಜೋಡಿಯ ಬೆವರು ಕಲ್ಲಿಗೆ ಬೀಳಂಗಿಲ್ಲೋ ಆ ಕಲ್ಲು ಬ್ಯಾರೆ ಜೋಡಿಗೆ ಹೋಗ್ತೈತಿ. ನಿಮ್ಮ ಕಲ್ಲು ಒಣಗಿ ಕುಂತೈತಿ. ಇಬ್ಬರು ಕೇಳ್ಯಾರ. ಬರುವ ನಾಗರ ಪಂಚಮಿಗೆ ಕೊಡ್ತೀನಿ ಅಂತ ವಸ್ತಾದರು ಮಾತು ಕೊಟ್ಟಾರ. ಅಷ್ಟರೊಳಗ ನೀವಿಬ್ಬರೂ ಬಂದು ಎದುರಾ ಬದುರಾ ನಿಂತು ಒಂದ ಒಂದು ದಂಡ ಹೊಡೆದ್ರೂ ಕಲ್ಲು ನಿಮ್ಮದ. ಒಂದಾದ್ರೂ ಜೋಡಿ ಬಾಯಿಲೆ ಎಣಿಸಿದ್ದಿರಬೇಕು. ಉಡಚಪ್ಪ ಮುಷ್ಟಿ ಕಟ್ಟಿ ಊರಿದ್ರೂ ನಡೀತೈತಿ. ನೆಲ ಮುಟ್ಟು ಅಂತ ಗುರುಗಳು ಹೇಳಿಕೊಟ್ಟಾರ, ಅಂಗೈಲೇ ಮುಟ್ಟು ಅಂತ ಅಂದಿಲ್ಲ.

ಕೊನೀದು ನನ್ನ ಮಾತು. ನಿನ್ನ ಕಾಗದ ಓದಿದ ಬಾಯಿ ನಂದು. ಗುಂಡಿನ ಸಾಲು ಬಂದಾಗ ಧ್ವನಿ ಏರಿಸಿದಾವನೂ ನಾನ. ಅವತ್ತು ಮೂಲ್ಯಾಗ ಅಂವ ನನ್ನ ಮಾರಿ ನೋಡಿದ್ದು ಈಗ ನೆನಪಾಗ್ತೈತಿ. ಆ ಗುಂಡು ನೀ ಕಂಡಿದ್ದೇನಪಾ?

ಮಕ್ತುಮಸಾಬ


ಅಸುಂಡಿ,
೬ ಏಪ್ರಿಲ್ ೧೯೪೯

ಅಂದಾನಗ,

ನಿನ್ನ ಕಾಗದ ಎಲ್ಲಾ ಮುಟ್ಯಾವ. ಅವ್ವ ಜ್ವಾಳದ ಗಡಿಗಿ ಮ್ಯಾಲ ಇಟ್ಟಾಳ.

ಗುಂಡಲ್ಲ. ಬೀಸುಕಲ್ಲು.

ಶಿಬಿರದಾಗ ನಾ ಬಂದೂಕ ಮುಟ್ಟಲಿಲ್ಲ. ಮುಂಜಾನಿ ಹುಡುಗರಿಗೆ ದಂಡ, ಬೈಠಕ ಕಲಿಸ್ತಿದ್ದೆ. ಆಮೇಲೆ ನೀರು ಹೊರೂದು, ಆಚಿಂದ ಬಂದವರ ಸಾಮಾನ ಇಳಿಸೂದು. ಹೋದ ವರ್ಷ ಕಾರಹುಣ್ಣಿವಿ ಆದ ಮ್ಯಾಲ ಒಂದಿನ ಮಳಿಯಾಗ ಒಂದು ಬಂಡಿ ಬಂತು. ಅದರಾಗ ಹುಚ್ಚವ್ವ ಅಂತ ಒಬ್ಬಾಕಿ ಮುದುಕಿ. ಮನಿ ಬಿಟ್ಟಾಳ, ದನ ಬಿಟ್ಟಾಳ, ಬೀಸುಕಲ್ಲು ಬಿಟ್ಟಿಲ್ಲ. ಗಂಡನ ಮನಿಗೆ ಬಂದಾಗಿಂದ ಇದರಾಗ ಬೀಸೀನಿ, ಇದನ್ನ ಬಿಟ್ಟು ಎಲ್ಲಿ ಹೋಗ್ಲಿ ಅಂತ ಅದರ ಮ್ಯಾಲ ಕುಂತಿದ್ಲು. "ಎದ್ದೇಳಬೇ ಆಯಿ, ಇಳಸ್ತೀನಿ" ಅಂದೆ. "ಹಗೂರ ಇಳಸೋ ತಮ್ಮಾ, ಒಡದೀತು" ಅಂದ್ಲು. ಎರಡೂ ಕಲ್ಲು ಒಮ್ಮಿಗೇ ಎತ್ತಿದೆ, ಗರಡಿ ಆಳಲ್ಲ ನಾ? ಕೆಸರಾಗ ಕಾಲು ಜಾರಿತು. ಕಲ್ಲು ಒಡೀಬಾರದಂತ ಕೈ ಕೆಳಗ ಕೊಟ್ಟೆ. ಕಲ್ಲು ಒಡೀಲಿಲ್ಲ.

ಆಕಿ ಮರುದಿನ ಅದರಾಗ ಬೀಸಿ, ರೊಟ್ಟಿ ಬಡದು, ತನ್ನ ಕೈಲೆ ಮುರದು ತಿನ್ನಿಸಿದ್ಲು. ಅಷ್ಟ ನಡದದ್ದು. ನನಗದರಾಗ ನಾಚಿಕಿ ಇದ್ದಿಲ್ಲ. ಊರಿಗೆ ಬಂದು ಇದನ್ನ ಹೇಳಿ ನಗಬೇಕಂತ ಇದ್ದೆ. ಅಷ್ಟರಾಗ ನಿನ್ನ ಕಾಗದ ಬಂತು. ಮಕ್ತುಮ ಅಳಕೋಂತ ಓದ್ತಾನ, ವಸ್ತಾದರು ತಲಿ ಮ್ಯಾಲ ಕೈ ಇಡ್ತಾರ. ಬಾಯಿ ತಗದಿದ್ದೆ, ಮುಚ್ಚಿದೆ. ಅವತ್ತು ಮುಚ್ಚಿದ್ದು ಮರುದಿನ ತಗಿಯಾಕ ಬರಲಿಲ್ಲ. ಈಗ ಹೇಳಿದ್ರ ಬೀಸುಕಲ್ಲೂ ಸುಳ್ಳಂತಾರ.

ದಂಡ ಬಿಟ್ಟಿಲ್ಲ. ಮೊದಲ ಗ್ವಾಡಿಗೆ ಕೈ ಕೊಟ್ಟು ಹೊಡದೆ. ಎರಡು ತಿಂಗಳು ಆದ ಮ್ಯಾಲ ಎತ್ತು ಮೇಯೂ ಗ್ವಾದಲಿಗೆ. ಈಗ ಖಾರ ಕುಟ್ಟೂ ಒಳ್ಳಿನ ಮ್ಯಾಲ, ಮುಷ್ಟಿ ಕಟ್ಟಿ. ಮಳಿ ಹಿಡಿಯೂದರಾಗ ನೆಲಕ್ಕ ಇಳಿಯಬೌದು. ಎಷ್ಟಂತ ಗೊತ್ತಿಲ್ಲ, ಎಣಿಸೋರಿಲ್ಲ. ಎತ್ತು ನೋಡ್ತೈತಿ, ಮಾತಾಡಂಗಿಲ್ಲ. ನೀ ಅಲ್ಲಿ ನನ್ನ ನೂರು ಹೊಡೀತಿ ಅಂದಿದ್ದಿ, ಅದಕ್ಕ ಶುರು ಮಾಡಿದೆ. ನನ್ನ ಭಾರ ನಿನ್ನ ತೋಳಿನ ಮ್ಯಾಲ ಯಾಕಂತ.

ಇನ್ನೊಂದು. ಶಿಬಿರಕ್ಕ ಹೊಂಟ ದಿನ ಗದಗಿನ ಮೋಟಾರ ಸ್ಟ್ಯಾಂಡಿನಾಗ ನನ್ನ ಬಾಜೂಕ ನಿನಗಂತ ಟಾವೆಲ್ಲ ಹಾಸಿ ಜಾಗಾ ಹಿಡದಿದ್ದೆ. ಡಂಬಳ ದಾಟೂತನಕ ಯಾರಿಗೂ ಕುಂಡ್ರಾಕ ಕೊಡಲಿಲ್ಲ. ಕೇಳಾಕ ಹತ್ತಿಲ್ಲ. ಹೇಳಾಕ ಹತ್ತೀನಿ.

ಉಡಚಪ್ಪ


ಮುಂಡರಗಿ,
೧೮ ಜೂನ್ ೧೯೪೯

ಉಡಚ,

ಈ ಸಲ ಯಾರನ್ನೂ ಕರೆಯಂಗಿಲ್ಲ. ನೀ ಒಬ್ಬನೇ ಓದು.

ಎರಡು ತಿಂಗಳಿನಿಂದ ಈ ಕಾಗದ ಬರೀತೀನಿ. ಬರದದ್ದನ್ನ ಗಟ್ಟಿಯಾಗಿ ಓದಿ ನೋಡ್ತೀನಿ, ನಾಟಕದ ಮಾತಿನಂಗ ಕೇಳಿಸ್ತೈತಿ, ಹರೀತೀನಿ. ಅದಕ್ಕ ಈಗ ಬಾಯಿ ಮುಚ್ಚಿಕೊಂಡು ಬರೀತೀನಿ.

ನಿನ್ನ ಟಾವೆಲ್ಲ ನಾ ಕಂಡೆ. ಕೆಂಪು ಅಂಚಿನ ಬಿಳೇದು. ಮೋಟಾರ ಸ್ಟ್ಯಾಂಡಿನ ಎದುರು ಚಹಾದಂಗಡಿ ತಟ್ಟಿ ಹಿಂದ ನಿಂತಿದ್ದೆ. ನೀ ಕಿಟಕ್ಯಾಗಿಂದ ತಲಿ ಹೊರಗ ಹಾಕಿ ಹಾಕಿ ನೋಡ್ತಿದ್ದಿ. ಬಸ್ಸು ಹೊಂಟಾಗ ನೀ ಒಂದು ಸರ್ತಿ ಎದ್ದು ನಿಂತಿ. ನಾ ಕುಂತುಬಿಟ್ಟೆ. ಹೆದರಿದ್ದೆ ಉಡಚ. ನಾಟಕ ಮಂಡಳಿ ಕರದಿತ್ತು, ಪಾರ್ಟು ಕೊಟ್ಟಿದ್ರು ಅಂತ ಊರಿಗೆ ಹೇಳಿಸಿದ್ದೆ. ಮಂಡಳಿ ಗದಗಿಗೆ ಬಂದದ್ದು ಅದಾದ ಮೂರು ದಿನಕ್ಕ. ಮೂರು ದಿನ ಊರಿಗೆ ಹೋಗಾಕ ಮಾರಿ ಇಲ್ಲದ ತಿರುಗಾಡಿದೆ. ಸಿಕ್ಕ ಮೊದಲನೇ ಬಣ್ಣ ಮಾರಿಗೆ ಹಚ್ಚಿಕೊಂಡೆ.

ಗುಂಡು ಯಾಕ ಹಾರಿಸಿದೆ ಅಂತ ಈಗ ತಿಳೀತೈತಿ. ನೀ ಗುಂಡು ಹಿಡಿದಾವ ಆದ್ರ, ಬರದೇ ಉಳಿದ ನನ್ನಂಥವರನ್ನ ಯಾರೂ ಏನೂ ಅನ್ನಂಗಿಲ್ಲ. ಎಲ್ಲಾರೂ ಗುಂಡು ಹಿಡಿಯಾಕ ಆಗ್ತೈತೇನು? ಬೀಸುಕಲ್ಲಾದ್ರ ನಾನೂ ಒಂದು ಬದಿ ಹಿಡೀಬೌದಾಗಿತ್ತು. ಇಬ್ಬರು ಹಿಡಿದಿದ್ರ ಜಾರ್ತಿರಲಿಲ್ಲ.

ಇನ್ನು ಇನ್ನೂರು ದಂಡ. ಯಮನೂರಸಾಬ ಎಣಿಸ್ತಾನ ಅಂತ ಬರದಿದ್ದೆ. ಅಂವ ಎಣಿಸೂದು ಖರೆ. ಹೆಗಲಿಗೆ ಎರಡು, ತೋಳಿಗೆ ಎರಡು, ಎದಿಗೆ ಒಂದು. ಹತ್ತಿಯ ದಿಂಬು. ಮಲ್ಲರಾಯನ ಅಂಗಿ ಒಳಗ ಅವನ್ನ ಕಟ್ಟಿದ ಮ್ಯಾಲ ನಾ ಪೈಲವಾನ. ಬಿಚ್ಚಿದ್ರ ಹೊಟ್ಟಿ ಬಂದ ಮನಷಾ. ಬಣ್ಣ ಹಚ್ಚಿಕೊಂಡ ದಿನದಿಂದ ಇವತ್ತಿನತನಕ ನಾ ಒಂದ ಒಂದು ದಂಡ ಹೊಡದಿಲ್ಲ. ನಿನ್ನ ನೂರೂ ಇಲ್ಲ, ನನ್ನ ನೂರೂ ಇಲ್ಲ.

ಹೋದ ವಾರ ಇಲ್ಲಿ ಶಿಬಿರ ಇದ್ದ ಜಾಗಾಕ್ಕ ಹೋಗಿದ್ದೆ. ಈಗಲ್ಲಿ ಶೇಂಗಾ ಬಿತ್ಯಾರ. ಬದುವಿನ ಮ್ಯಾಲೆ ಅಂಗಿ ತಗದು ಅಂಗೈ ಊರಿದೆ. ಇಳಿದೆ. ಏಳಲಿಲ್ಲ. ಗದ್ದ ಮಣ್ಣಿಗೆ ಹತ್ತಿ ಹಂಗ ಬಿದ್ದೆ. ಜೋಡಿ ಬಂದಿದ್ದ ಯಮನೂರಸಾಬ ಬೀಡಿ ಮುಗಿಯೂತನಕ ನೋಡಿದ. ಆಮೇಲೆ, "ಅಂದಾನಪ್ಪಾರ, ಇಳಿಯೂದು ಬರೋಬ್ಬರಿ ಆತು. ಏಳೂದು ನಾಳೆ ಕಲೀರಿ" ಅಂದ.

ಅವತ್ತು ಪರದೆ ಮುಂದೆ ನಿಂತು ಕೈ ಎತ್ತಿದೆ. ಗುಂಡು ಬಾಯಿಗೆ ಬರಲಿಲ್ಲ. ಒಬ್ಬಾಕಿ ಮುದುಕಿ, ಒಂದು ಬೀಸುಕಲ್ಲು ಅಂತ ಶುರು ಮಾಡಿದೆ. ಮಂದಿ ನಕ್ಕರು. ಮಾಲಕರು ಒಳಗ ಕರದು, "ಬೀಸುಕಲ್ಲಿಗೆ ಯಾರು ಚಪ್ಪಾಳಿ ತಟ್ಟತಾರೋ? ಗುಂಡು ಹೇಳು, ಇಲ್ಲಾ ಬಾಯಿ ಮುಚ್ಚು" ಅಂದ್ರು. ಅವತ್ತಿನಿಂದ ಮುಚ್ಚೀನಿ. ಮಲ್ಲರಾಯನ ಪಾರ್ಟು ಬ್ಯಾರೆಯವನಿಗೆ ಕಲಿಸಾಕ ಹತ್ಯಾರ. ದಿಂಬು ಅವನಿಗೆ ಸಡಲ ಆಗ್ತಾವಂತ.

ಪಂಚಮಿ ಹತ್ತಿರ ಬಂತು. ನಾ ಏನು ಮಾಡಬೇಕು ಅಂತ ನೀನ ಹೇಳು.

ಅಂದಾನಿ


ಅಸುಂಡಿ,
೧೧ ಜುಲೈ ೧೯೪೯

ಅಂದಾನಗ,

ಒಳ್ಳು ಬಿಟ್ಟೆ. ನೆಲಕ್ಕ ಇಳಿದೀನಿ. ಹೆಚ್ಚು ಆಗಂಗಿಲ್ಲ, ಮುಷ್ಟಿಯ ಗೆಣ್ಣು ಸುಲೀತಾವ. ಅವ್ವ ಬಂದು ನಾ ಎಣಿಸ್ಲೇನೋ ಅಂದ್ಲು. ಬ್ಯಾಡಬೇ ಅಂದೆ.

ಕಾಗದ ನಾ ಒಬ್ಬನ ಓದಿದೆ. ಮೂರು ಸರ್ತಿ. ಮೊದಲನೇ ಸರ್ತಿ ಹರಿದು ಒಗೀಬೇಕನಿಸ್ತು. ಈಗಲೂ ಒಮ್ಮೊಮ್ಮೆ ಅನಿಸ್ತೈತಿ.

ಏನು ಮಾಡ್ಲಿ ಅಂತ ಕೇಳಿದಿ. ಗುಂಡು ನೀ ಹಾರಿಸಿದ್ದು. ಎಲ್ಲಿ ಹಾರಿಸಿದ್ಯೋ ಅಲ್ಲೇ ಇಳಿಸು. ಬೀಸುಕಲ್ಲಿನ ಮಾತು ಗರಡಿಗೆ ನೀನ ಹೇಳು, ನನಗ ಹೇಳಾಕ ಬರಂಗಿಲ್ಲ. ಮಕ್ತುಮನ ಕೈಲೆ ಓದಸು.

ಪಂಚಮಿ ದಿನ ಬಂದ್ರ ಬಾ. ಹತ್ತಿ ಬಿಟ್ಟು ಬಾ. ಈ ಸಲ ಟಾವೆಲ್ಲ ಹಾಸಿಡಂಗಿಲ್ಲ. ನಾ ಕಲ್ಲಿನ ನನ್ನ ತುದಿಗೆ ಇರ್ತೀನಿ. ನಿನ್ನ ಎಣಸ್ತೀನೋ ಇಲ್ಲೋ ಅಂತ ಈಗ ಹೇಳಾಕ ಆಗಂಗಿಲ್ಲ. ಬಾಯಿ ಬಂದ್ರ ಎಣಸ್ತೀನಿ.

ಉಡಚಪ್ಪ


ಗದಗ,
೨೯ ಜುಲೈ ೧೯೪೯, ನಾಗರ ಚೌತಿ

ಅಸುಂಡಿ ಗರಡಿಮನಿಯಾಗ ಕೂಡಿದ ದೈವಕ್ಕ, ವಸ್ತಾದ ಸಕ್ರಪ್ಪನವರಿಗೆ, ಕಣಗಿನಹಾಳದಿಂದ ಬಂಡಿ ಕಟ್ಟಿಕೊಂಡು ಬಂದು ಹೋದವರು ಯಾರಾದರೂ ಇದ್ದರೆ ಅವರಿಗೆ, ಮೂಲ್ಯಾಗ ಕುಂತವನಿಗೆ ಅಂದಾನಪ್ಪನ ಶರಣು. ಮಕ್ತುಮ, ಈ ಸಲ ಧ್ವನಿ ಏರಿಸಬ್ಯಾಡ. ಹಿಂದಿನವರಿಗೆ ಕೇಳದಿದ್ದರೆ ಅವರೇ ಮುಂದೆ ಬರಲಿ.

ಕಾಗದ ತಂದಾವ ಯಮನೂರಸಾಬ. ಅವನಿಗೆ ಒಂದು ಉಂಡಿ ಕೊಡ್ರಿ, ಎರಡು ತಾಸು ನಡದಾನ.

ಹೋದ ವರ್ಷ ಇದೇ ಕಟ್ಟಿಯ ಮ್ಯಾಲೆ ಓದಿದ ನನ್ನ ಕಾಗದದಾಗ ಒಂದು ಗುಂಡು ಇತ್ತು. ಆ ಗುಂಡು ಯಾರೂ ಹಾರಿಸಲಿಲ್ಲ, ಯಾರಿಗೂ ಬಡೀಲಿಲ್ಲ. ನಾ ಶಿಬಿರ ಕಂಡಾವನಲ್ಲ. ಉಡಚಪ್ಪನ ಜೋಡಿ ಹೋಗ್ತೀನಿ ಅಂತ ನಿಮ್ಮೆಲ್ಲರ ಮುಂದೆ ಹಾರ ಹಾಕಿಸಿಕೊಂಡಾವ, ಮೋಟಾರ ಸ್ಟ್ಯಾಂಡಿನಾಗ ತಟ್ಟಿ ಹಿಂದ ಕುಂತೆ. ಆ ಹಾರ ಚಹಾದಂಗಡಿಯ ಆಡು ತಿಂದಿತು.

ಉಡಚಪ್ಪನ ಕೈ ಮುರಿದದ್ದು ಒಂದು ಬೀಸುಕಲ್ಲಿನ ಕೆಳಗ. ಹುಚ್ಚವ್ವ ಅನ್ನುವ ಮುದುಕಿ ಎಲ್ಲಾ ಬಿಟ್ಟು ಅದೊಂದನ್ನು ತಂದಿದ್ದಳು. ಅದು ಒಡೀಬಾರದು ಅಂತ ಅಂವ ತನ್ನ ಕೈ ಕೆಳಗ ಕೊಟ್ಟ. ಕಲ್ಲು ಇವತ್ತಿಗೂ ಬೀಸ್ತಿರಬೇಕು. ಇದನ್ನ ನಾ ಮುಂಡರಗಿಯಾಗ ಹೇಳಿದಾಗ ಮಂದಿ ನಕ್ಕರು. ನಿಮಗೂ ನಗು ಬಂದ್ರ ನಗ್ರಿ. ಅಂವ ಇದನ್ನ ನಿಮ್ಮ ಜೋಡಿ ನಗಬೇಕಂತಲೇ ತಂದಿದ್ದ, ನಾ ನಡುವ ಬಾಯಿ ಹಾಕಿದೆ. ಆದ್ರ ನಕ್ಕ ಮ್ಯಾಲ ಅವನನ್ನ ಕೈ ತೋರಿಸು ಅಂತ ಕೇಳಬ್ಯಾಡ್ರಿ.

ದಿನಾ ಇನ್ನೂರು ದಂಡ ಅಂದಿದ್ದೆ. ಒಂದೂ ಇಲ್ಲ. ಮುಂಡರಗಿ ಬಿಟ್ಟ ಮ್ಯಾಲ ಮುಂಜಾನಿ ಮುಂಜಾನಿ ಅಂಗೈ ಊರೀನಿ. ಮೊದಲು ಗ್ವಾಡಿಗೆ, ಆಮೇಲೆ ಪೋಷಾಕಿನ ಪೆಟ್ಟಿಗಿ ಮ್ಯಾಲೆ. ಉಡಚಪ್ಪ ಇಳಿದ ಮೆಟ್ಟಿಲನ್ನ ನಾನೂ ಇಳೀತೀನಿ. ನೆಲದಿಂದ ಎದ್ದದ್ದು ಇನ್ನೂ ಖಾತ್ರಿ ಇಲ್ಲ. ನಿನ್ನೆ ಎದ್ದೆ ಅನಿಸ್ತು. ಯಮನೂರಸಾಬ ಆಗ ಕನ್ನಡಕ ಒರಸ್ತಿದ್ದ, ನೋಡಲಿಲ್ಲ ಅಂತಾನ.

ಮಲ್ಲರಾಯನ ಅಂಗಿ ಇವತ್ತು ಮಧ್ಯಾಹ್ನ ಮಾಲಕರ ಕೈಗೆ ಕೊಟ್ಟೆ, ಐದೂ ದಿಂಬು ಕೂಡಿಸಿ. "ಪಂಚಮಿ ಮುಗಿಸಿಕೊಂಡು ಬರ್ತೀಯೇನು" ಅಂದ್ರು. ಗೊತ್ತಿಲ್ಲ ಅಂದೆ. ಚಪ್ಪಲಿ ಬಾಗಿಲಾಗ ಇಟ್ಟೀನಿ. ಈ ಸಲ ಕೆರಿ ದಂಡಿಗೆ ನಿಂದ್ರಂಗಿಲ್ಲ.

ನಾಳೆ ಮುಂಜಾನಿ ಹೊತ್ತು ಏರುವುದರೊಳಗ, ಹೆಂಗಸರು ಹುತ್ತಕ್ಕ ಹಾಲೆರೆಯಾಕ ಹೊಂಡುವ ವ್ಯಾಳ್ಯಾಕ್ಕ, ಗರಡಿ ಬಾಗಿಲಿಗೆ ಬರ್ತೀನಿ. ಹಣಮಪ್ಪಗ ಕೈ ಮುಗಿದು, ವಸ್ತಾದರ ಪಾದ ಮುಟ್ಟಿ, ಅಂಗಿ ತೆಗೀತೀನಿ. ಇರುವ ಹೊಟ್ಟಿ ಎಲ್ಲಾರೂ ನೋಡ್ರಿ. ಬಾಗಿಲಿನಿಂದ ಎರಡನೇ ಕಲ್ಲಿನ ಈ ತುದಿಗೆ ನನ್ನ ಹಳೇ ತಗ್ಗಿನಾಗ ಅಂಗೈ ಊರ್ತೀನಿ. ಆ ತುದಿಗೆ ಉಡಚಪ್ಪ ಮುಷ್ಟಿ ಊರಿ ನೆಲಕ್ಕ ಇಳಿದಾಗ, ಊರಿಗೆ ಕೇಳುವಂಗಲ್ಲ, ಅವನಿಗಷ್ಟ ಕೇಳುವಂಗ ಒಂದು ಅಂತೀನಿ. ಆಮೇಲೆ ನಾ ಇಳೀತೀನಿ. ಇಳಿದು, ಅಂವ ಬಾಯಿ ಬಿಟ್ಟು ಒಂದು ಅನ್ನುವವರೆಗೆ ಅಲ್ಲೇ ಕೆಳಗ ಇರ್ತೀನಿ.

ಅಂದಾನಪ್ಪ